ನೀರಿನ ಮೇಲಣ ನಗರದ ಸಾಧ್ಯತೆ: ಭೀಮಾ ತೀರದ ಚಾರಿತ್ರಿಕ ಅನುಭವ
(ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳನ್ನು ಅನುಲಕ್ಷಿಸಿ)

ಪೀಠಿಕೆ

ಸಮುದ್ರದ ಮೇಲೆ ತೇಲುವ ನಗರಗಳನ್ನು ಕಟ್ಟಬಹುದೇ ಎಂಬ ಪ್ರಶ್ನೆ 20ನೇ ಶತಮಾನದ ಉತ್ತರಾರ್ಧದಿಂದ ವಾಸ್ತುಶಿಲ್ಪಿಗಳ, ಎಂಜಿನಿಯರುಗಳ ಹಾಗೂ ಆಡಳಿತ ಚಿಂತಕರ ಗಮನವನ್ನು ಸೆಳೆಯುತ್ತ ಬಂದಿದೆ. ಏರುತ್ತಿರುವ ಕಡಲಮಟ್ಟ ಮತ್ತು ಕರಾವಳಿ ನಗರಗಳ ಜನದಟ್ಟಣೆ ಈ ಚರ್ಚೆಗೆ ಇತ್ತೀಚಿನ ದಶಕಗಳಲ್ಲಿ ಹೊಸ ಒತ್ತಾಸೆ ನೀಡಿವೆ. ಚರ್ಚೆ ಬಹುಮಟ್ಟಿಗೆ ತಂತ್ರಜ್ಞಾನದ ಪರಿಧಿಯಲ್ಲಿಯೇ ನಡೆದಿದೆ. ಆದರೆ ನೀರನ್ನು ನೆಚ್ಚಿ, ನೀರಿಗೆ ಅಂಜಿ, ನೀರಿನ ಪಕ್ಕದಲ್ಲಿ ನೆಲೆ ನಿಲ್ಲುವ ಪ್ರಯತ್ನಕ್ಕೆ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸವು ತಂತ್ರಜ್ಞಾನ ಕೇಳದ ಕೆಲವು ಪ್ರಶ್ನೆಗಳನ್ನು ಮುಂದಿಡುತ್ತದೆ.

ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಇಂತಹ ಚರ್ಚೆಗೆ ಆರಿಸಿಕೊಳ್ಳುವುದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಭೀಮಾ ನದಿ ಮತ್ತು ಅದರ ಉಪನದಿಯಾದ ಅಮರ್ಜೆಯ ಈ ಪ್ರದೇಶದಲ್ಲಿ ಹರಿಗೋಲಿನ ಪರಂಪರೆ, ನದೀತೀರದಲ್ಲಿ ಯೋಜಿತವಾಗಿ ಎದ್ದ ಅರಸು ನಗರದ ಅವಶೇಷ ಮತ್ತು ಪ್ರವಾಹಕ್ಕೆ ಸಿಲುಕಿದ ಗ್ರಾಮಗಳ ಸ್ಥಳಾಂತರದ ಅನುಭವ, ಈ ಮೂರೂ ಒಂದೆಡೆ ದೊರೆಯುತ್ತವೆ. ನೀರಿನ ಮೇಲೆ ತೇಲುವ ವಿದ್ಯೆ ಹಳೆಯದು. ಕಷ್ಟವಿರುವುದು ಅಲ್ಲಿ ನೆಲೆ ನಿಲ್ಲುವುದರಲ್ಲಿ, ಮತ್ತು ಆ ನೆಲೆಯನ್ನು ಉಳಿಸುವುದು ಕಟ್ಟೋಣಕ್ಕಿಂತ ಹೆಚ್ಚಾಗಿ ಜೀವನಾಧಾರ ಹಾಗೂ ಆಡಳಿತದ ಪೋಷಣೆ ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಪ್ರದೇಶ ಮತ್ತು ನದಿ

ಮಹಾರಾಷ್ಟ್ರದ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿ ಸುಮಾರು 861 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮೂರು ತಾಲ್ಲೂಕುಗಳಲ್ಲಿ ಅದರೊಡನೆ ಇರುವ ಸಂಬಂಧ ಒಂದೇ ಬಗೆಯದಲ್ಲ. ಆಳಂದ ಎತ್ತರದ ಕಪ್ಪುನೆಲ. ಅಲ್ಲಿನ ಚಿಂತೆ ನೀರಿನ ಕೊರತೆ. ಆ ತಾಲ್ಲೂಕಿನ ಕೊರಳ್ಳಿಯ ಬಳಿ ಅಮರ್ಜಾ ನದಿಗೆ ಅಣೆಕಟ್ಟು ಕಟ್ಟಲಾಗಿದೆ. ಅಮರ್ಜೆಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅದೇ ತಾಲ್ಲೂಕಿನ ಸೊನ್ನದಲ್ಲಿ ಭೀಮಾ ಏತ ನೀರಾವರಿ ಯೋಜನೆಯ ಬ್ಯಾರೇಜು ಇದೆ. ಕೆಳಗೆ ಜೇವರ್ಗಿ ತಾಲ್ಲೂಕಿಗೆ ಭೀಮೆಯೇ ಎಲ್ಲೆ. ಕಟ್ಟಿ ಸಂಗಾವಿಯ ಸೇತುವೆ ಆ ತಾಲ್ಲೂಕನ್ನು ಕಲಬುರಗಿ ನಗರದೊಡನೆ ಜೋಡಿಸುತ್ತದೆ.

ಈ ನದಿಯ ಸ್ವಭಾವವೇ ನಮ್ಮ ಚರ್ಚೆಯ ತಳಹದಿ. ಅದು ಬೇಸಿಗೆಯಲ್ಲಿ ಉಸುಕಿನ ಹಾಸಾಗಿ, ಮಳೆಗಾಲದಲ್ಲಿ ಹಲವು ಲಕ್ಷ ಕ್ಯೂಸೆಕ್ಸ್ ಹೊತ್ತ ಪ್ರವಾಹವಾಗಿ ಬದಲಾಗುತ್ತದೆ. ಸೊಲ್ಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯದ ನಂತರ ಈ ಏರಿಳಿತ ಕೇವಲ ಮಳೆಯ ಅಧೀನವಾಗಿ ಉಳಿಯಲಿಲ್ಲ. ಮೇಲ್ದಂಡೆಯಲ್ಲಿ ನೀರು ಹಿಡಿಯುವ ಮತ್ತು ಬಿಡುವ ನಿರ್ಧಾರಗಳಿಗೂ ಅದು ಒಳಪಟ್ಟಿತು. ಕೃಷ್ಣಾ ಜಲವಿವಾದದ ಮೊದಲ ನ್ಯಾಯಮಂಡಳಿಯು ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕದ ಬಳಕೆಗೆ 15 ಟಿ.ಎಂ.ಸಿ. ಮಿತಿಯನ್ನು ವಿಧಿಸಿತು. 2024ರ ಬೇಸಿಗೆಯಲ್ಲಿ ನದಿಗೆ ನೀರು ಬಿಡಬೇಕೆಂದು ಅಫಜಲಪುರದಲ್ಲಿ ಉಪವಾಸ ಸತ್ಯಾಗ್ರಹ ನಡೆಯಿತು. 2025ರ ಸೆಪ್ಟೆಂಬರಿನಲ್ಲಿ ಅದೇ ತೀರ ಜಲಾವೃತವಾಯಿತು. ಸಮುದ್ರದ ಮೇಲೆ ನಗರ ಕಟ್ಟುವವರಿಗೆ ನೀರಿನ ಮಟ್ಟ ದಿನಕ್ಕೆ ಕೆಲವು ಮೀಟರ್ ಏರಿಳಿಯಬಹುದು, ಆದರೆ ನೀರು ಇರುತ್ತದೆ. ಭೀಮಾ ತೀರದವರಿಗೆ ಆ ಭರವಸೆಯೂ ಇಲ್ಲ.

ತೇಲುವ ವಿದ್ಯೆ

ದಖ್ಖನಿನ ನದಿಗಳಲ್ಲಿ ದಾಟುವಿಕೆಯ ಪ್ರಮುಖ ಸಾಧನ ಹರಿಗೋಲು. ಬಿದಿರು ಸೀಳುಗಳಿಂದ ಹೆಣೆದ ಬುಟ್ಟಿಗೆ ಹಿಂದೆ ಚರ್ಮವನ್ನು, ಇತ್ತೀಚೆಗೆ ಡಾಂಬರು ಬಳಿದ ಹಾಳೆಯನ್ನು ಹೊದಿಸಿ ಅದನ್ನು ಸಿದ್ಧಪಡಿಸುತ್ತಾರೆ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದುಂಡು ದೋಣಿಗಳನ್ನು ಕಂಡು ವರ್ಣಿಸಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲವು, ಅಗತ್ಯಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸಬಲ್ಲವು, ಆದರೆ ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತವೆ ಎಂಬುದು ಅವನ ವಿವರಣೆಯ ಸಾರ. ಬಹಮನಿ ಸುಲ್ತಾನ ಫಿರೋಜ್ ಷಾನ ಸೈನಿಕರು ತುಂಬಿದ ಕೃಷ್ಣೆಯನ್ನು ಚರ್ಮ ಹೊದಿಸಿದ ಬುಟ್ಟಿಗಳಲ್ಲಿ ದಾಟಿ ವಿಜಯನಗರದ ಪಾಳೆಯದ ಮೇಲೆ ಬಿದ್ದ ಪ್ರಸಂಗವನ್ನು ಇತಿಹಾಸಕಾರ ಫಿರಿಸ್ತಾ ದಾಖಲಿಸಿದ್ದಾನೆ. ಅಂದರೆ ಸೈನ್ಯವನ್ನೇ ತೇಲಿಸುವಷ್ಟು ಈ ವಿದ್ಯೆ ಬಲಿತಿತ್ತು.

ಈ ವಿದ್ಯೆಯ ವಾರಸುದಾರರು ಅಂಬಿಗ, ಕಬ್ಬಲಿಗ, ಕೋಲಿ ಮುಂತಾದ ಹೆಸರುಗಳಿಂದ ಕರೆಯಲ್ಪಡುವ ಸಮುದಾಯಗಳು. ಭೀಮಾ ತೀರದ ಹಳ್ಳಿಗಳಲ್ಲಿ ಇವರ ಸಂಖ್ಯೆ ಗಣನೀಯ. 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನನ್ನು ಈ ಸಮುದಾಯ ತನ್ನ ಹಿರಿಯನೆಂದು ಗೌರವಿಸುತ್ತದೆ. ದೋಣಿಯಿಲ್ಲದೆಡೆ ಒಣಗಿದ ಸೋರೆಬುರುಡೆಗಳನ್ನು ಬೆನ್ನಿಗೋ ಸೊಂಟಕ್ಕೋ ಕಟ್ಟಿಕೊಂಡು ಈಜುವ ರೂಢಿಯೂ ಇತ್ತು. ಜೇವರ್ಗಿಯ ದಕ್ಷಿಣಕ್ಕಿರುವ ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯಿಂದ 2013ರಲ್ಲಿ ತುಂಬು ಗರ್ಭಿಣಿಯೊಬ್ಬಳು ಹೆರಿಗೆಗಾಗಿ ಇದೇ ಬಗೆಯಲ್ಲಿ ತುಂಬಿದ ಹೊಳೆಯನ್ನು ಈಜಿ ದಡ ಸೇರಿದ ಘಟನೆ ವ್ಯಾಪಕವಾಗಿ ವರದಿಯಾಯಿತು. ನೀರಿನ ನಡುವಿನ ನೆಲೆಗೆ ದಡದ ಆಸ್ಪತ್ರೆಯೊಡನೆ ಸಂಪರ್ಕ ಇಲ್ಲದಿದ್ದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಈ ಘಟನೆ ತೋರಿಸುತ್ತದೆ.

ತೇಲುವಿಕೆಗೆ ಈ ನೆಲದ ಭಕ್ತಿಪರಂಪರೆಯಲ್ಲೂ ಸ್ಥಾನವಿದೆ. ಗಾಣಗಾಪುರದಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಯವರು ಕೊನೆಗೆ ಶ್ರೀಶೈಲದ ಪಾತಾಳಗಂಗೆಯಲ್ಲಿ ಹೂವಿನ ಆಸನದ ಮೇಲೆ ಕುಳಿತು ಸಾಗಿದರೆಂದು ಗುರುಚರಿತ್ರೆ ಹೇಳುತ್ತದೆ. ಇಲ್ಲಿಯೂ ತೇಲುವುದು ಪ್ರಯಾಣಕ್ಕೆ, ವಾಸಕ್ಕಲ್ಲ ಎಂಬುದು ಗಮನಾರ್ಹ. ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕಿ ಮನೆಗೆ ಹೋಗುವುದೇ ಅಂಬಿಗನ ಕ್ರಮ. ಮನೆ ಇರುವುದು ಏರಿನ ಮೇಲೆ.

ಫಿರೋಜಾಬಾದ್: ನದಿಯನ್ನು ಒಳಗೆ ತಂದ ನಗರ

ಭೀಮಾ ತೀರದಲ್ಲಿ ನಗರ ಜೀವನ ಹೊಸದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾಂಬಾ ದೇವಾಲಯದಲ್ಲಿ ದೊರೆತ ಅಶೋಕನ ಶಾಸನ ಹಾಗೂ ಕನಗನಹಳ್ಳಿಯ ಮಹಾಸ್ತೂಪ ಇದಕ್ಕೆ ಸಾಕ್ಷಿ. ಆದರೆ ನದಿಯನ್ನೇ ನಗರದ ಅಂಗವಾಗಿಸಿಕೊಂಡ ಯೋಜಿತ ನಿರ್ಮಾಣವೆಂದರೆ ಫಿರೋಜ್ ಷಾ (ಆಳ್ವಿಕೆ 1397–1422) 1400ರ ಸುಮಾರಿಗೆ ಕಟ್ಟಿಸಿದ ಫಿರೋಜಾಬಾದ್. ಜೇವರ್ಗಿ ತಾಲ್ಲೂಕಿನ ಎದುರು ದಂಡೆಯಲ್ಲಿ, ಕಲಬುರಗಿಯ ದಕ್ಷಿಣಕ್ಕೆ ಇದರ ಅವಶೇಷಗಳಿವೆ. ಜಾರ್ಜ್ ಮಿಷೆಲ್ ಮತ್ತು ರಿಚರ್ಡ್ ಈಟನ್ ಇದನ್ನು ಕುರಿತು 1992ರಲ್ಲಿ ಸ್ವತಂತ್ರ ಗ್ರಂಥವನ್ನೇ ಪ್ರಕಟಿಸಿದ್ದಾರೆ.

ಮೂರು ದಿಕ್ಕಿಗೆ ಕಲ್ಲಿನ ಕೋಟೆಗೋಡೆ ಮತ್ತು ಹೆಬ್ಬಾಗಿಲುಗಳು, ಪಡುವಣ ದಿಕ್ಕಿಗೆ ನದಿಯೇ ಕಾವಲು ಎಂಬುದು ಇದರ ವಿನ್ಯಾಸ. ವಿಶಾಲವಾದ ಜಾಮಿ ಮಸೀದಿ, ಅರಮನೆಯ ಆವರಣಗಳು ಹಾಗೂ ಸ್ನಾನಗೃಹಗಳು ಇಂದಿಗೂ ಗುರುತಿಗೆ ಸಿಗುತ್ತವೆ. ನದಿಯಿಂದ ಅಗಲವಾದ ಕಾಲುವೆಯನ್ನು ತೋಡಿ ಅರಮನೆಯ ಅಂಗಳಗಳಿಗೆಲ್ಲ ನೀರು ಹರಿಸಲಾಗಿತ್ತೆಂದು ಫಿರಿಸ್ತಾ ಬರೆಯುತ್ತಾನೆ. ಇದೇ ಸುಲ್ತಾನ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗುಗಳನ್ನು ಕಳುಹಿಸಿ ಹೊರನಾಡಿನ ಸರಕುಗಳನ್ನೂ ವಿದ್ವಾಂಸರನ್ನೂ ಕರೆಸುತ್ತಿದ್ದನೆಂದೂ ಅವನು ಹೇಳುತ್ತಾನೆ. ಒಳನಾಡಿನ ಈ ನಗರದ ದೃಷ್ಟಿ ಕಡಲಿನವರೆಗೂ ಚಾಚಿತ್ತು.

ಆದರೂ ಫಿರೋಜಾಬಾದಿನ ನಗರ ಜೀವನ ಅಲ್ಪಕಾಲದ್ದು. ಫಿರೋಜನ ನಂತರ ಬಂದ ಅಹಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದನು. ಅರಸನ ಆಸ್ಥಾನ ಮತ್ತು ದಂಡಿನ ಅಗತ್ಯಗಳನ್ನೇ ನೆಚ್ಚಿದ್ದ ನಗರ ತೆರವಾಯಿತು. ಗೋಡೆಗಳ ಒಳಗೆ ಹೊಲಗಳು ಬಂದವು, ಒಂದು ಹಳ್ಳಿ ಉಳಿಯಿತು. ಹೊರಗಿನಿಂದ ಪೋಷಣೆ ಪಡೆಯುವ ನಗರ ಆ ಪೋಷಣೆ ನಿಂತಾಗ ತನ್ನ ಕಟ್ಟಡಗಳ ಭದ್ರತೆಯಿಂದ ಮಾತ್ರ ಬದುಕಲಾರದು. ತೇಲುವ ನಗರದ ಯೋಜಕರಿಗೆ ಇದು ನೇರವಾಗಿ ಅನ್ವಯಿಸುವ ಸಂಗತಿ.

ಕಡಲ ಮೇಲಣ ಪ್ರಯೋಗಗಳು

ತೇಲುವಿಕೆಯ ಗಣಿತ ಸರಳವಾದುದು. ಒಂದು ಘನ ಮೀಟರ್ ಕಡಲ ನೀರಿನ ತೂಕ ಸುಮಾರು 1,025 ಕಿಲೋಗ್ರಾಂ. ಒಂದು ಹೆಕ್ಟೇರ್ ವಿಸ್ತಾರದ, ನೇರ ಬದಿಗಳುಳ್ಳ ವೇದಿಕೆ ನೀರಿನಲ್ಲಿ ಒಂದು ಮೀಟರ್ ಹೆಚ್ಚು ಮುಳುಗಿದರೆ 10,250 ಟನ್ ಹೆಚ್ಚುವರಿ ಭಾರವನ್ನು ಹೊರುತ್ತದೆ. ಹರಿಗೋಲನ್ನು ಎತ್ತಿಹಿಡಿಯುವ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ತೊಡಕು ಇರುವುದು ಅಲೆಗಳ ಬಡಿತ, ಲಂಗರು, ಉಪ್ಪುನೀರಿನ ಸವೆತ, ಸಿಹಿನೀರು ಮತ್ತು ತ್ಯಾಜ್ಯ ವಿಲೇವಾರಿಯಲ್ಲಿ.

ಜಪಾನಿನ ಕಿಯೊನೊರಿ ಕಿಕುಟಾಕೆ 1950ರ ದಶಕದ ಕೊನೆಯಿಂದ ಸಾಗರ ನಗರದ ವಿನ್ಯಾಸಗಳನ್ನು ರೂಪಿಸಿದರು. ಅವರ ಕಲ್ಪನೆ 1975ರ ಓಕಿನಾವಾ ಸಾಗರ ಪ್ರದರ್ಶನದಲ್ಲಿ 'ಅಕ್ವಾಪೊಲಿಸ್' ಎಂಬ ತೇಲುವ ರಚನೆಯಾಗಿ ಸಾಕಾರಗೊಂಡಿತು. ಪ್ರದರ್ಶನ ಮುಗಿದ ಮೇಲೆ ಅದಕ್ಕೆ ಸ್ಥಿರವಾದ ಉಪಯೋಗ ದೊರೆಯದೆ 2000ದಲ್ಲಿ ಗುಜರಿಗೆ ಎಳೆದೊಯ್ಯಲಾಯಿತು. ಯೊಕೊಸುಕಾದ ಬಳಿ ನಿರ್ಮಿಸಿದ ಒಂದು ಕಿಲೋಮೀಟರ್ ಉದ್ದದ 'ಮೆಗಾ ಫ್ಲೋಟ್' ವಿಮಾನಪಥ ತಾಂತ್ರಿಕವಾಗಿ ಯಶಸ್ವಿಯಾದರೂ ಪ್ರಯೋಗದ ನಂತರ ಅದನ್ನು ಬಿಡಿಸಲಾಯಿತು. 2008ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಸೀಸ್ಟೆಡಿಂಗ್ ಸಂಸ್ಥೆ ಸ್ವಾಯತ್ತ ತೇಲುನೆಲೆಗಳ ಆಶಯದಿಂದ 2017ರಲ್ಲಿ ಫ್ರೆಂಚ್ ಪಾಲಿನೇಷಿಯಾದೊಡನೆ ಒಪ್ಪಂದ ಮಾಡಿಕೊಂಡಿತು. ಸ್ಥಳೀಯರ ವಿರೋಧದ ನಡುವೆ ಅದು ಮರುವರ್ಷವೇ ಬಿದ್ದುಹೋಯಿತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ ಪ್ರಕಾರ ಕೃತಕ ದ್ವೀಪಗಳಿಗೆ ದ್ವೀಪದ ಸ್ಥಾನಮಾನವಿಲ್ಲ, ಸ್ವಂತ ಜಲಸೀಮೆಯೂ ಇಲ್ಲ. ಅವು ಯಾವುದಾದರೂ ರಾಷ್ಟ್ರದ ನೆರಳಿನಲ್ಲಿಯೇ ಇರಬೇಕು. ದಕ್ಷಿಣ ಕೊರಿಯಾದ ಬೂಸಾನಿಗಾಗಿ 12,000 ಜನರ ತೇಲುವ ಬಡಾವಣೆಯ ವಿನ್ಯಾಸ 2022ರಲ್ಲಿ ಪ್ರಕಟವಾಯಿತು. ಅದು ಬಂದರಿನ ನೆರೆಯಲ್ಲಿ, ದಡಕ್ಕೆ ಸೇತುವೆಗಳಿಂದ ಜೋಡಿಸಿದ ನೆಲೆಯಾಗಿ ರೂಪಿತವಾಗಿದೆಯೇ ಹೊರತು ತೆರೆದ ಸಾಗರದ ನಗರವಲ್ಲ.

ಇದಕ್ಕೆ ಪ್ರತಿಯಾಗಿ ನೀರಿನ ಮೇಲೆ ದೀರ್ಘಕಾಲ ಉಳಿದ ನೆಲೆಗಳು ಬೇರೆಯೇ ಬಗೆಯವು. ಟಿಟಿಕಾಕಾ ಸರೋವರದ ಉರೋಸ್ ಜನ ಜೊಂಡಿನ ದ್ವೀಪಗಳನ್ನು ಕಟ್ಟಿ, ಕೊಳೆತ ಹಾಸಿನ ಮೇಲೆ ಹೊಸ ಜೊಂಡನ್ನು ಹಾಸುತ್ತಲೇ ಇರುತ್ತಾರೆ. ಮಣಿಪುರದ ಲೋಕ್ತಾಕ್ ಸರೋವರದ ತೇಲುವ 'ಫುಮ್ಡಿ'ಗಳ ಮೇಲೆ ಮೀನುಗಾರರು ಗುಡಿಸಲು ಹಾಕಿ ಬದುಕಿದ್ದಾರೆ. ಇಲ್ಲಿ ನೀರೇ ಜೀವನಾಧಾರ; ದುರಸ್ತಿಯ ವಿದ್ಯೆ ಪ್ರತಿ ಮನೆಯಲ್ಲಿಯೂ ಇದೆ.

ನೆರೆ, ಸ್ಥಳಾಂತರ ಮತ್ತು ತೇಲುವ ಮನೆಯ ಪ್ರಶ್ನೆ

ಈ ಚರ್ಚೆ ಭೀಮಾ ತೀರಕ್ಕೆ ಕೇವಲ ಕುತೂಹಲದ ವಿಷಯವಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ನೆರೆಯಲ್ಲಿ ಉತ್ತರ ಕರ್ನಾಟಕದ ಸಾವಿರಾರು ಮನೆಗಳು ಬಿದ್ದವು. ಸರಕಾರ 'ಆಸರೆ' ಯೋಜನೆಯ ಅಡಿಯಲ್ಲಿ ದಾನಿಗಳ ನೆರವಿನಿಂದ ಎತ್ತರದ ಸ್ಥಳಗಳಲ್ಲಿ ನವಗ್ರಾಮಗಳನ್ನು ಕಟ್ಟಿಸಿತು. 2020ರ ಅಕ್ಟೋಬರಿನಲ್ಲಿ ಉಜನಿಯ ಹೊರಹರಿವಿನ ಜೊತೆಗೆ ಸೀನಾ, ಬೋರಿ ನದಿಗಳ ನೀರೂ ಸೇರಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಹಳ್ಳಿಗಳು ಮುಳುಗಿದವು. 2025ರಲ್ಲಿ ಅದೇ ಪುನರಾವರ್ತನೆಯಾಯಿತು.

ಹಾಗಾದರೆ ಊರನ್ನು ಎತ್ತಿಡುವ ಬದಲು ಮನೆಯನ್ನೇ ತೇಲುವಂತೆ ಕಟ್ಟಬಾರದೇಕೆ? ನೆದರ್ಲೆಂಡ್ಸಿನ ಮಾಸ್‌ಬೊಮೆಲ್‌ನಲ್ಲಿ ಮಾಸ್ ನದಿಯ ದಂಡೆಯ ಮೇಲೆ, ಸಾಮಾನ್ಯ ದಿನಗಳಲ್ಲಿ ನೆಲದ ಮೇಲೆ ಕುಳಿತು ನೆರೆಯಲ್ಲಿ ಕಂಬಗಳ ಆಸರೆಯಿಂದ ಸುಮಾರು ಐದೂವರೆ ಮೀಟರಿನವರೆಗೆ ಮೇಲೇಳಬಲ್ಲ ಮನೆಗಳಿವೆ. ತತ್ತ್ವತಃ ಅದು ಇಲ್ಲಿಯೂ ಸಾಧ್ಯ. ಆದರೆ ಹರಿಯುವ ನೀರಿನ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಕಂಬಗಳ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಭೀಮೆಯ ಪ್ರವಾಹ ಮರದ ಬೊಡ್ಡೆ, ಕಂಟಿ, ಹೂಳನ್ನು ಹೊತ್ತು ತರುತ್ತದೆ. ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುವ ಎರೆಮಣ್ಣಿನಲ್ಲಿ ಕಂಬಗಳನ್ನು ನಿಲ್ಲಿಸುವುದೂ ಸುಲಭವಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಇಲ್ಲಿ ಮನೆಯೆಂದರೆ ಮನುಷ್ಯರ ವಸತಿ ಮಾತ್ರವಲ್ಲ. ದನದ ಕೊಟ್ಟಿಗೆ, ಜೋಳದ ಕಾಳು, ತೊಗರಿಯ ಚೀಲ, ಕಣಿಕೆಯ ಬಣವೆ, ಇವೆಲ್ಲ ಸೇರಿದರೇ ಒಕ್ಕಲುತನದ ಮನೆ. ಮನೆ ತೇಲಿದರೂ ಹೊಲ ತೇಲದು.

ಸ್ಥಳಾಂತರವೂ ಇದೇ ಪರೀಕ್ಷೆಗೆ ಒಳಪಡುತ್ತದೆ. ಹೊಲದಿಂದ ದೂರವಾದ, ದನ ಕಟ್ಟಲು ಜಾಗವಿಲ್ಲದ, ಕುಡಿಯುವ ನೀರು ಬಾರದ ನವಗ್ರಾಮದ ಮನೆಗಳು ಉತ್ತರ ಕರ್ನಾಟಕದ ಹಲವೆಡೆ ಖಾಲಿ ಉಳಿದವು. ಜನ ಹಳೆಯ ಊರಿಗೆ ಮರಳಿದರು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದಾಗಿ ಕಟ್ಟಲಾದ ಬಾಗಲಕೋಟೆಯ ನವನಗರ ಬೆಳೆದು ನಿಂತಿತು. ಅಲ್ಲಿಗೆ ಜಿಲ್ಲಾಡಳಿತ, ವಿದ್ಯಾಸಂಸ್ಥೆಗಳು ಹಾಗೂ ವ್ಯಾಪಾರ ಸ್ಥಳಾಂತರಗೊಂಡದ್ದು ಇದಕ್ಕೆ ಮುಖ್ಯ ಕಾರಣ. ಖಾಲಿ ಉಳಿದ ನವಗ್ರಾಮಗಳಿಗೂ ಫಿರೋಜಾಬಾದಿಗೂ ನಡುವೆ ಆರು ಶತಮಾನಗಳ ಅಂತರವಿದೆ, ಆದರೆ ಅವು ಬರಿದಾದ ಬಗೆ ಭಿನ್ನವಲ್ಲ. ಮೊದಲಿನದರಲ್ಲಿ ಬದುಕು ಹಿಂಬಾಲಿಸಲಿಲ್ಲ, ಎರಡನೆಯದರಲ್ಲಿ ಬದುಕು ಹೊರಟುಹೋಯಿತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ನೀರಿನ ಮೇಲೆ ಭಾರವನ್ನು ತೇಲಿಸುವ ಸಾಮರ್ಥ್ಯ ತೇಲುವ ನಗರದ ಸಾಧ್ಯತೆಯನ್ನು ನಿರ್ಧರಿಸುವುದಿಲ್ಲ. ಆ ಸಾಮರ್ಥ್ಯ ಹರಿಗೋಲಿನಿಂದ ಮೆಗಾ ಫ್ಲೋಟ್‌ವರೆಗೆ ಸಿದ್ಧಪಟ್ಟಿದೆ. ಎರಡು, ಆಶ್ರಿತ ಬಂದರು ಅಥವಾ ಸರೋವರದಲ್ಲಿ, ದಡದೊಡನೆ ಸಂಪರ್ಕ ಹೊಂದಿ, ನೀರನ್ನೇ ಜೀವನಾಧಾರವಾಗಿಸಿಕೊಂಡ ಚಿಕ್ಕ ನೆಲೆಗಳು ಸಾಧ್ಯ; ತೆರೆದ ಸಾಗರದ ಸ್ವಾಯತ್ತ ನಗರ ಸದ್ಯಕ್ಕೆ ಕಲ್ಪನೆಯೇ. ಮೂರು, ಭೀಮೆಯಂತಹ ಉಗ್ರ ಏರಿಳಿತದ ನದಿಗೆ ತೇಲುವ ವಸತಿ ಉತ್ತರವಲ್ಲ. ಇಲ್ಲಿ ಬೇಕಾದುದು ಮೇಲ್ದಂಡೆಯ ಜಲಾಶಯಗಳ ಹೊರಹರಿವಿನ ಬಗ್ಗೆ ಮುಂಚಿತವಾದ, ಅಂತರರಾಜ್ಯ ಹೊಣೆಗಾರಿಕೆಯುಳ್ಳ ಸೂಚನೆ. ಹೊಲಕ್ಕೆ ಹತ್ತಿರವಾಗಿ, ಕೊಟ್ಟಿಗೆ ಕಣಗಳ ಸಹಿತ ಯೋಜಿಸಿದ ಪುನರ್ವಸತಿ. ಮತ್ತು ನೆರೆಯ ದಿನಗಳಲ್ಲಿ ಅಂಬಿಗರ ನದೀಜ್ಞಾನವನ್ನು ಅಧಿಕೃತವಾಗಿ ಬಳಸಿಕೊಳ್ಳುವ ವ್ಯವಸ್ಥೆ.

ಭೀಮಾ ತೀರದ ಹಿರಿಯರು ದೋಣಿಯನ್ನು ನೀರಿಗೂ ಮನೆಯನ್ನು ಏರಿಗೂ ಮೀಸಲಿಟ್ಟದ್ದು ಅಜ್ಞಾನದಿಂದಲ್ಲ. ತಮ್ಮ ನದಿಯನ್ನು ಅರಿತಿದ್ದರಿಂದ. ಜನವಸತಿ ಏರಿನಿಂದ ಇಳಿದು ನದಿಯ ಪಾತ್ರದತ್ತ ಸರಿದಿರುವ ಕಡೆಗಳಲ್ಲಿ ಅದರ ಕಾರಣಗಳನ್ನು, ಅಂದರೆ ಭೂಹಿಡುವಳಿ, ಜಾತಿ ಮತ್ತು ನೀರಾವರಿಯ ಪ್ರಭಾವಗಳನ್ನು ಗ್ರಾಮವಾರು ಅಧ್ಯಯನ ಮಾಡುವುದು ಮುಂದಿನ ಸಂಶೋಧಕರ ಕೆಲಸವಾಗಬೇಕಾಗಿದೆ.