ನವಜಾತ ಶಿಶುವಿನ ಥೈರಾಯ್ಡ್ ಗಾತ್ರ

ಆರೋಗ್ಯವಂತ ನವಜಾತ ಶಿಶುವಿನ ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ಅಲ್ಟ್ರಾಸೌಂಡ್‌ನಿಂದ, ಅಂದರೆ ಸೋನೋಗ್ರಫಿ ಎಂದೂ ಕರೆಯಲಾಗುವ ಪರೀಕ್ಷೆಯಿಂದ, ಅಳೆಯಬಹುದು. ಇದರಲ್ಲಿ ವಿಕಿರಣವಿಲ್ಲ, ಮಗುವಿಗೆ ಅರಿವಳಿಕೆಯೂ ಬೇಡ.

ಶಿಶುವಿನ ಕತ್ತು ಗಿಡ್ಡ. ಹಾಗಾಗಿ ಭುಜದ ಕೆಳಗೆ ಮಡಿಸಿದ ಬಟ್ಟೆಯಿಟ್ಟು ತಲೆಯನ್ನು ತುಸು ಹಿಂದಕ್ಕೆ ಬಾಗಿಸುತ್ತಾರೆ. ಬೆಚ್ಚಗಿನ ಜೆಲ್ ಹಚ್ಚಿ, ಹೆಚ್ಚು ಆವರ್ತನದ ಚಿಕ್ಕ ಪ್ರೋಬನ್ನು ಹಗುರವಾಗಿ ಇಡುತ್ತಾರೆ. ಒತ್ತಿದರೆ ಮೆತ್ತನೆಯ ಗ್ರಂಥಿ ಚಪ್ಪಟೆಯಾಗಿ ಅಳತೆ ಕೆಡುತ್ತದೆ. ಹಾಲು ಕುಡಿದು ಮಲಗಿದ ಹೊತ್ತೇ ಒಳ್ಳೆಯದು.

ಶ್ವಾಸನಾಳದ ಎರಡೂ ಬದಿಯಲ್ಲಿ ಗ್ರಂಥಿಯ ಒಂದೊಂದು ಹಾಲೆ ಇದೆ. ಪ್ರತಿ ಹಾಲೆಯ ಉದ್ದ, ಅಗಲ, ದಪ್ಪಗಳನ್ನು ಗುಣಿಸಿ, ಮತ್ತೆ 0.52ರಿಂದ ಗುಣಿಸಿದರೆ ಆ ಹಾಲೆಯ ಘನ ಅಳತೆ ಸಿಗುತ್ತದೆ. ಕೆಲವರು 0.479 ಬಳಸುತ್ತಾರೆ, ಆದ್ದರಿಂದ ಸೂತ್ರ ತಿಳಿಯದೆ ಎರಡು ವರದಿಗಳನ್ನು ಹೋಲಿಸಬಾರದು. ಹಾಲೆಯ ಉದ್ದ ಸಾಮಾನ್ಯವಾಗಿ 18–20 ಮಿ.ಮೀ., ದಪ್ಪ 8–9 ಮಿ.ಮೀ. ದಪ್ಪದಲ್ಲಿ 1 ಮಿ.ಮೀ. ತಪ್ಪಿದರೂ ಫಲಿತಾಂಶ ಎಂಟರಲ್ಲೊಂದು ಪಾಲಿನಷ್ಟು ವ್ಯತ್ಯಾಸವಾಗುತ್ತದೆ. ಎರಡೂ ಹಾಲೆ ಸೇರಿ ಸರಾಸರಿ ಸುಮಾರು 0.8ರಿಂದ 1.6 ಮಿ.ಲೀ. ಎಂದು ಬೇರೆಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಶಿಶುವಿನ ತೂಕ ಮತ್ತು ತಾಯಿಯ ಅಯೋಡಿನ್ ಸೇವನೆ ಇದನ್ನು ಬದಲಿಸುತ್ತವೆ. ಭಾರತದಲ್ಲಿ ಅಯೋಡಿನ್ ಸೇರಿಸದ ಉಪ್ಪನ್ನು ಊಟಕ್ಕಾಗಿ ಮಾರುವುದಕ್ಕೆ 2006ರಿಂದ ನಿಷೇಧವಿದೆ.

ಗ್ರಂಥಿ ಇಲ್ಲದಿರುವುದು, ಸ್ಥಳ ತಪ್ಪಿರುವುದು, ಊದಿಕೊಂಡಿರುವುದು ಈ ಪರೀಕ್ಷೆಯಲ್ಲಿ ಕಾಣಬಹುದು. ಆದರೆ ಗ್ರಂಥಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಗಾತ್ರ ಹೇಳದು. ಅದಕ್ಕೆ ಹಿಮ್ಮಡಿಯಿಂದ ತೆಗೆದ ರಕ್ತದ ಟಿಎಸ್‌ಎಚ್ (ಥೈರಾಯ್ಡ್ ಪ್ರಚೋದಕ ಹಾರ್ಮೋನ್) ಪರೀಕ್ಷೆಯೇ ಬೇಕು. ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದಾಗ ಚಿಕಿತ್ಸೆ ತಡವಾದರೆ ಮಗುವಿನ ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ.