ಶಿಕಾಮೂ ಎಂದ ಮಕ್ಕಳು

ಸಫಾರಿಯ ಮೂರನೆಯ ದಿನ ನಮ್ಮ ಜೀಪು ಗೊರೊಂಗೊರೊ ಕುಳಿಯ ಅಂಚಿನಲ್ಲಿ ಒಂದು ಕಲ್ಲಿನ ಸ್ಮಾರಕದ ಬಳಿ ನಿಂತಿತು. ಮೈಕೆಲ್ ಗ್ರಿಝಿಮೆಕ್ ಎಂಬ ಜರ್ಮನ್ ತರುಣನದು. ಮೇಲಿನಿಂದ ಪ್ರಾಣಿಗಳನ್ನು ಎಣಿಸಲೆಂದು ಜೀಬ್ರಾ ಪಟ್ಟೆ ಬಳಿದ ಪುಟ್ಟ ವಿಮಾನದಲ್ಲಿ ಹಾರುತ್ತಿದ್ದವನು 1959ರ ಜನವರಿಯಲ್ಲಿ ಅಪಘಾತದಲ್ಲಿ ತೀರಿಕೊಂಡ. ಅವನೂ ಅವನ ತಂದೆ ಬರ್ನ್‌ಹಾರ್ಡ್ ಗ್ರಿಝಿಮೆಕ್ ಕೂಡ ಸೇರಿ ತೆಗೆದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಸೆರೆಂಗೆಟಿಯನ್ನು ಜಗತ್ತಿನ ಆಸ್ತಿಯೆಂದು ಜನ ಮಾತಾಡತೊಡಗಿದ್ದರಲ್ಲಿ ಆ ಚಿತ್ರದ ಪಾಲು ದೊಡ್ಡದು.

ಅದೇ 1959ರಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಅದಕ್ಕೆ ಕಟ್ಟಿದ ಸ್ಮಾರಕ ನನ್ನ ಕಣ್ಣಿಗೆ ಬೀಳಲಿಲ್ಲ. 1951ರಲ್ಲಿ ರಾಷ್ಟ್ರೀಯ ಉದ್ಯಾನವಾಗಿದ್ದ ಸೆರೆಂಗೆಟಿಯಿಂದ ಬ್ರಿಟಿಷ್ ಆಡಳಿತ ಮಾಸಾಯಿಗಳನ್ನು ಹೊರಗೆ ಕಳಿಸಿತು. ಬದಲಿಗೆ ಗೊರೊಂಗೊರೊ ಎಂಬ ಪ್ರತ್ಯೇಕ ಸಂರಕ್ಷಿತ ಪ್ರದೇಶ ಮಾಡಿ, ಇಲ್ಲಿ ನೀವೂ ನಿಮ್ಮ ದನಗಳೂ ಕಾಡುಪ್ರಾಣಿಗಳ ಜೊತೆಗೇ ಇರಬಹುದು ಎಂದಿತು. ಸ್ವಾತಂತ್ರ್ಯ ಬಂದದ್ದು 1961ರ ಡಿಸೆಂಬರ್ 9ರಂದು. ನಂತರ ಬಂದ ಸರ್ಕಾರವೂ ಆ ಮಾತನ್ನು ಪೂರ್ತಿ ಉಳಿಸಿಕೊಳ್ಳಲಿಲ್ಲ. 1970ರ ದಶಕದ ಮಧ್ಯದಲ್ಲಿ ಕುಳಿಯೊಳಗಿನ ಮನೆಗಳನ್ನು ತೆರವು ಮಾಡಿಸಿತು, ಬೇಸಾಯವನ್ನು ನಿಷೇಧಿಸಿತು. ನಾಗರಹೊಳೆಯ ಜೇನುಕುರುಬರ ಕಥೆ ಗೊತ್ತಿರುವವರಿಗೆ ಇದರಲ್ಲಿ ಹೊಸದೇನೂ ಕಾಣದು.

ಶಾಲೆ ನೋಡುವುದು ನಮ್ಮ ಪ್ಯಾಕೇಜಿನಲ್ಲೇ ಇತ್ತು. ನನಗೆ ಒಳಗೊಳಗೇ ಸಂಕೋಚ. ಹಾವೇರಿ ಕಡೆಯ ನಮ್ಮ ಸರ್ಕಾರಿ ಶಾಲೆಗೆ, ಪಾಠ ನಡೆಯುವಾಗ, ಕ್ಯಾಮೆರಾ ಹಿಡಿದ ಹತ್ತು ಜನ ಪರದೇಶಿಗಳು ನುಗ್ಗಿದ್ದರೆ ನಮ್ಮ ಹೆಡ್‌ಮಾಸ್ತರು ಏನನ್ನುತ್ತಿದ್ದರೋ. ಇಲ್ಲಿನ ಮೇಷ್ಟ್ರು ಮಾತ್ರ ನಗುತ್ತಲೇ ಬರಮಾಡಿಕೊಂಡರು. ಬಾಗಿಲ ಬಳಿ ಕಾಣಿಕೆ ಡಬ್ಬಿ ಇತ್ತು.

ಮಕ್ಕಳು ಎದ್ದು ನಿಂತು ಒಟ್ಟಿಗೆ "ಶಿಕಾಮೂ" ಎಂದರು. ಸ್ವಾಹಿಲಿಯಲ್ಲಿ ಹಿರಿಯರಿಗೆ ಹೇಳುವ ನಮಸ್ಕಾರ ಅದು; ನಿಮ್ಮ ಕಾಲು ಹಿಡಿಯುತ್ತೇನೆ ಎಂಬುದು ಮೂಲ ಅರ್ಥವಂತೆ. "ಮರಹಬಾ" ಎಂದು ಉತ್ತರಿಸಬೇಕು ಅಂತ ಡ್ರೈವರ್ ಕಿವಿಯಲ್ಲಿ ಹೇಳಿಕೊಟ್ಟರು. ಹಿಂದಿನ ಸಾಲಿನ ಇಬ್ಬರು ಚಿಕ್ಕವರು ಏನೂ ಹೇಳದೆ ನನ್ನ ಮುಂದೆ ತಲೆ ಬಗ್ಗಿಸಿ ನಿಂತರು. ನಾನು ಕಕ್ಕಾಬಿಕ್ಕಿ. ನೆತ್ತಿ ಮುಟ್ಟಿ, ಅದು ಮಾಸಾಯಿ ಪದ್ಧತಿ ಎಂದರು ಮೇಷ್ಟ್ರು.

ಗೋಡೆಯ ಮೇಲಿನ ಪಟಗಳನ್ನು ಓದುತ್ತಾ ಹೋದೆ. ಲಿಪಿ ರೋಮನ್, ಆದರೆ ಪದಗಳು ನೆಂಟರಂತೆ ಕಂಡವು. ಪೆನ್ನು ಕಲಾಮು, ಗಣಿತ ಹಿಸಾಬಾತಿ, ನೋಟ್‌ಬುಕ್ಕು ದಫ್ತಾರಿ. ನಮ್ಮ ಅಜ್ಜ ಲೆಕ್ಕ ಬರೆಯುತ್ತಿದ್ದ ಕಾಲದ ಕಲಮು, ಹಿಸಾಬು, ದಫ್ತರು ಇವೇ ಅಲ್ಲವೇ? ಅರಬಿ ಸಮುದ್ರದ ಎರಡೂ ದಂಡೆಗೆ ಬಂದವು. ದುಡ್ಡಿಗೆ ಪೆಸಾ, ಅಂಗಡಿಗೆ ದುಕಾ, ವಾಹನಕ್ಕೆ ಗಾರಿ ಎನ್ನುವುದು ನಮ್ಮ ಕಡೆಯಿಂದ ಹೋದವರ ಬಳುವಳಿ. ಶಾಲೆಗೆ ಮಾತ್ರ ಶೂಲೆ: ಜರ್ಮನ್ನರು ಬಿಟ್ಟು ಹೋದ ಪದ.

ಸ್ವಾಹಿಲಿ ಇಲ್ಲಿ ಪ್ರಾಥಮಿಕ ಶಾಲೆಯ ಮಾಧ್ಯಮವಾಗಿ ಗಟ್ಟಿಯಾಗಿ ನೆಲೆಯಾದದ್ದು 1967ರ ಅರೂಷಾ ಘೋಷಣೆಯ ಆಸುಪಾಸಿನಲ್ಲಿ, ಜೂಲಿಯಸ್ ನೈರೇರೆ ಅಧ್ಯಕ್ಷರಾಗಿದ್ದಾಗ. ರಾಜಕೀಯಕ್ಕೆ ಬರುವ ಮುಂಚೆ ಅವರು ಮೇಷ್ಟ್ರೇ. ಜನ ಇಂದಿಗೂ ಅವರನ್ನು 'ಮ್ವಾಲಿಮು', ಅಂದರೆ ಮೇಷ್ಟ್ರು ಎಂದೇ ಕರೆಯುತ್ತಾರೆ. ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕವನ್ನು ಸ್ವಾಹಿಲಿಗೆ ತಂದವರು. ನೂರಕ್ಕೂ ಹೆಚ್ಚು ಭಾಷೆಗಳ ದೇಶದಲ್ಲಿ ಅವರು ತಮ್ಮ ತಾಯ್ನುಡಿ ಜನಾಕಿಯನ್ನು ಮೇಲೆ ಕೂರಿಸಲಿಲ್ಲ. ಯಾವ ದೊಡ್ಡ ಬುಡಕಟ್ಟಿನ ಸೊತ್ತೂ ಅಲ್ಲದ ಕರಾವಳಿಯ ನುಡಿಯನ್ನು ಎಲ್ಲರದ್ದಾಗಿಸಿದರು. ನನಗೆ ಅವರ ಬಗ್ಗೆ ಬಹಳ ಗೌರವ. ಗೌರವ ಇದ್ದದ್ದಕ್ಕೇ ಮೇಷ್ಟ್ರ ಮಾತು ಚುಚ್ಚಿತು.

"ಈ ಮಕ್ಕಳು ಮನೆಯಲ್ಲಿ ಆಡುವುದು ಮಾ ಭಾಷೆ. ಒಂದನೇ ಕ್ಲಾಸಿಗೆ ಸ್ವಾಹಿಲಿ ಗೊತ್ತಿಲ್ಲದೆ ಬರುತ್ತಾರೆ. ಏಳು ವರ್ಷ ಕಷ್ಟಪಟ್ಟು ಅದನ್ನು ಕಲಿತರೆ, ಹೈಸ್ಕೂಲಿನಲ್ಲಿ ಎಲ್ಲ ಇಂಗ್ಲಿಷು."

"ಮಾ ಭಾಷೆಯಲ್ಲಿ ಓದಲು ಏನೂ ಕಲಿಸುವುದಿಲ್ಲವೇ?" ಎಂದೆ.

"ನಾನೇ ಮಾಸಾಯಿ. ಎರಡು ಸಾಲು ಬರೆಯಬೇಕೆಂದರೆ ನನಗೇ ಸ್ವಾಹಿಲಿ ಸುಲಭ," ಎಂದು ನಕ್ಕರು. ಆಮೇಲೆ ಸೀಮೆಸುಣ್ಣ ನನ್ನ ಕೈಗೆ ಕೊಟ್ಟು, ನಿಮ್ಮ ಭಾಷೆಯಲ್ಲಿ ಏನಾದರೂ ಬರೆಯಿರಿ ಎಂದರು.

'ನಮಸ್ಕಾರ ಮಕ್ಕಳೇ' ಎಂದು ಬರೆದೆ. ದುಂಡಗಿನ ಅಕ್ಷರ ನೋಡಿ ಮಕ್ಕಳು ಕಿಸಕ್ಕನೆ ನಕ್ಕರು. ಒಬ್ಬ ಹುಡುಗ ನನ್ನ ಮಗಳ ಕಡೆ ಕೈ ತೋರಿಸಿ ಏನೋ ಕೇಳಿದ. ಮೇಷ್ಟ್ರು ಅನುವಾದಿಸಿದರು: ಅದನ್ನು ಅವಳು ಓದಲಿ.

ಪುಣೆಯಲ್ಲೇ ಹುಟ್ಟಿ ಬೆಳೆದವಳು, ಒಂಬತ್ತು ವರ್ಷ. ಮನೆಯಲ್ಲಿ ಕನ್ನಡ ಆಡುತ್ತಾಳೆ. ಅಜ್ಜಿಯ ಜೊತೆ ಫೋನಿನಲ್ಲಿ ಜಗಳವನ್ನೂ ಆಡುತ್ತಾಳೆ. ಬೋರ್ಡನ್ನೇ ನೋಡುತ್ತಾ ನಿಂತು, "ಅಪ್ಪಾ, ಏನು ಬರ್ದಿದೀಯ?" ಎಂದು ಮೆಲ್ಲಗೆ ಕೇಳಿದಳು. ಮೇಷ್ಟ್ರಿಗೆ ಕನ್ನಡ ಗೊತ್ತಿಲ್ಲ, ಆದರೂ ಗೊತ್ತಾಯಿತು. ಅವರು ಮಾತು ಬದಲಿಸಿ ನಮ್ಮನ್ನು ಆಫೀಸು ಕೋಣೆಗೆ ಕರೆದೊಯ್ದರು.

ಅಲ್ಲಿ ಹಾಜರಿ ಪುಸ್ತಕ ತೆರೆದೇ ಇತ್ತು. ಕೆಲವು ಹೆಸರುಗಳ ಮೇಲೆ ಕೆಂಪು ಗೀಟು. ಶಾಲೆ ಬಿಟ್ಟವರೇ ಎಂದು ಕೇಳಿದೆ. ಅಲ್ಲ, ಮ್ಸೊಮೇರಾಕ್ಕೆ ಹೋದವರು ಎಂದರು. 2022ರಿಂದ ಸರ್ಕಾರ ಗೊರೊಂಗೊರೊದ ಕುಟುಂಬಗಳನ್ನು ಪೂರ್ವದ ಹಂಡೇನಿ ಜಿಲ್ಲೆಯ ಆ ಊರಿಗೆ ಸಾಗಿಸುತ್ತಿದೆ. ತಾವಾಗಿಯೇ ಒಪ್ಪಿ ಹೋಗುತ್ತಿದ್ದಾರೆ ಎನ್ನುವುದು ಸರ್ಕಾರದ ಮಾತು. ಇಲ್ಲಿನ ಆಸ್ಪತ್ರೆ, ಶಾಲೆಗಳಿಗೆ ಬರುವ ಹಣ ಕಡಿದು ನಮ್ಮನ್ನು ಹೊರಡುವಂತೆ ಮಾಡುತ್ತಿದ್ದಾರೆ ಎನ್ನುವುದು ಮಾಸಾಯಿಗಳ ದೂರು. "ನಿಮ್ಮ ಮನೆಯವರು?" ಎಂದೆ. ಮೇಷ್ಟ್ರು ಪುಸ್ತಕ ಮುಚ್ಚಿ, ಚಹಾ ತರಿಸಲೇ ಎಂದು ಕೇಳಿದರು. ಚಹಾಕ್ಕೆ ಅಲ್ಲಿಯೂ ಚಾಯ್ ಎನ್ನುತ್ತಾರೆ.

ನಾವು ಜೀಪಿನ ಕಡೆ ಹೊರಟಾಗ ಕಿಟಕಿಯಿಂದ ಒಳಗೆ ಇಣುಕಿದೆ. ಬೋರ್ಡಿನ ಮೇಲೆ ನನ್ನ ಕನ್ನಡ ಹಾಗೇ ಇತ್ತು, ಅದರ ಪಕ್ಕದಲ್ಲೇ ಮೇಷ್ಟ್ರು ಹಿಸಾಬಾತಿ ಶುರು ಮಾಡಿದ್ದರು.