ತಟ್ಟೆ ಎಸೆಯುವವರ ಕಾಡು

ಡಿಸ್ಕ್ ಗಾಲ್ಫಿನ ಮೊದಲ ತಟ್ಟೆ ಒಂದು ತಗಡಿನ ಮುಚ್ಚಳ. 1926ರಲ್ಲಿ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ಬ್ಲಾಡ್‌ವರ್ತ್ ಎಂಬ ಪುಟ್ಟ ಊರಿನಲ್ಲಿ ರೊನಾಲ್ಡ್ ಗಿಬ್ಸನ್ ಮತ್ತವನ ಸಾಲಿಯ ಗೆಳೆಯರು ಡಬ್ಬಿ ಮುಚ್ಚಳಗಳನ್ನು ನೆಲದಲ್ಲಿ ಬರೆದ ನಾಲ್ಕಡಿ ಅಗಲದ ವೃತ್ತಗಳಿಗೆ ಎಸೆದು ಆಡುತ್ತಿದ್ದರು. ಎಲ್ಲ ವೃತ್ತಗಳನ್ನೂ ಕಡಿಮೆ ಎಸೆತದಲ್ಲಿ ಮುಗಿಸಿದವನೇ ಗೆದ್ದಂತೆ. ಆಟಕ್ಕೆ ‘ಟಿನ್ ಲಿಡ್ ಗಾಲ್ಫ್’ ಎಂದು ಹೆಸರಿಟ್ಟಿದ್ದರು. ಸರ್ವೀಸೆಲ್ಲ ಹಾವೇರಿ ಜಿಲ್ಲೆಯ ಸಾಲಿಗಳಲ್ಲಿ ಪಿ.ಟಿ. ಮಾಸ್ತರಿಕೆ ಮಾಡಿ, ನಿವೃತ್ತಿಯಾದ ಮೇಲೆ ಮಗಳ ಮನೆಗೆಂದು ಹೈದರಾಬಾದಿನ ಮಣಿಕೊಂಡಕ್ಕೆ ಬಂದ ನನಗೆ ಈ ಕಥೆ ಬಹಳ ಹಿಡಿಸಿತು. ಸಾಮಾನಿಗೆ ಅನುದಾನ ಬರದ ಸಾಲಿಯಲ್ಲಿ ಆಟ ಹುಟ್ಟುವುದೇ ಹೀಗೆ.

ಮುಂದಿನ ನಲವತ್ತು ವರ್ಷ ಈ ಆಟ ಅಲ್ಲಲ್ಲಿ ಹುಟ್ಟಿ ಅಲ್ಲಲ್ಲೇ ಮರೆಯಾಯಿತು. 1957ರಲ್ಲಿ ವ್ಯಾಮ್-ಓ ಕಂಪನಿ ಪ್ಲಾಸ್ಟಿಕ್ಕಿನ ಫ್ರಿಸ್ಬಿಯನ್ನು ಮಾರುಕಟ್ಟೆಗೆ ತಂದ ಮೇಲೆ ಮುಚ್ಚಳ ಹುಡುಕುವ ತಾಪತ್ರಯ ತಪ್ಪಿತು. ಆದರೆ ಗುರಿ ಎಲ್ಲಿಂದ ತರುವುದು? ಆಡುವವರು ಕಣ್ಣಿಗೆ ಬಿದ್ದದ್ದನ್ನೇ ಗುರಿ ಮಾಡಿಕೊಂಡರು: ದೀಪದ ಕಂಬ, ಕಸದ ಡಬ್ಬಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮರ. ತಟ್ಟೆ ಬೊಡ್ಡೆಗೆ ತಾಗಿದರೆ ಆ ಗುರಿ ಮುಗಿಯಿತು. ಅಮೆರಿಕದ ರೋಚೆಸ್ಟರಿನಲ್ಲಿ 1970ರಿಂದ ಒಂದು ಗುಂಪು ಹೀಗೇ ಆಡುತ್ತಿತ್ತು. 1974ರಲ್ಲಿ ಅವರೇ ಪಂದ್ಯ ನಡೆಸಿ, ಗೆದ್ದವರಿಗೆ ಹೊಸ ಕಾರನ್ನೇ ಬಹುಮಾನವಾಗಿ ಇಟ್ಟರು.

ಮರದ ಪಾತ್ರ ಬದಲಾದದ್ದು 1975ರಲ್ಲಿ. ವ್ಯಾಮ್-ಓದಲ್ಲಿದ್ದ ಎಡ್ ಹೆಡ್ರಿಕ್ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಅಂಗಳ ಹಾಕಿದರು. ಹೆಸರೇ ಹೇಳುವಂತೆ ಅದು ಓಕ್ ಮರಗಳ ತೋಪು. ಮೊದಲು ಗುರಿಗೆ ಬರೀ ಕಂಬ ನೆಟ್ಟಿದ್ದರು. ತಾಗಿತೋ ಇಲ್ಲವೋ ಎಂಬ ಜಗಳ ಮುಗಿಯದಾದಾಗ ಕಂಬಕ್ಕೆ ಸರಪಳಿ ಇಳಿಬಿಟ್ಟು ಕೆಳಗೆ ಬುಟ್ಟಿ ಕೂಡಿಸಿದರು. ತಟ್ಟೆ ಸರಪಳಿಗೆ ಬಡಿದು ಝಲ್ಲೆಂದು ಬುಟ್ಟಿಗೆ ಬೀಳುತ್ತದೆ, ವಾದಕ್ಕೆ ಎಡೆಯೇ ಇಲ್ಲ. ಅಲ್ಲಿಂದ ಮರ ಗುರಿಯಾಗಿ ಉಳಿಯಲಿಲ್ಲ, ದಾರಿಯ ಅಡ್ಡಿಯಾಯಿತು. ಆಟದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ ಎಂದು ನನ್ನ ಎಣಿಕೆ. ಮರಕ್ಕೆ ಹೊಡೆಯುತ್ತಿದ್ದವರು ಮರ ತಪ್ಪಿಸುವುದನ್ನು ಕಲಿಯಬೇಕಾಯಿತು, ಆಟಕ್ಕೆ ಬುದ್ಧಿ ಬಂದದ್ದು ಆಗ.

ಮಣಿಕೊಂಡದಲ್ಲಿ ನಾವಿನ್ನೂ 1975ರ ಹಿಂದೆಯೇ ಇದ್ದೇವೆ. ನಮ್ಮಲ್ಲಿ ಬುಟ್ಟಿ ಇಲ್ಲ. ಅಪಾರ್ಟ್‌ಮೆಂಟಿನ ಹಿಂದೆ ಬೇವು, ಹೊಂಗೆ, ಸೀತಾಫಲದ ಗಿಡಗಳು, ನಡುನಡುವೆ ಆನೆ ಗಾತ್ರದ ಬಂಡೆಗಳಿರುವ ಒಂದು ತುಂಡು ನೆಲವಿದೆ. ಸುಣ್ಣ ಬಳಿದ ಬೊಡ್ಡೆಗಳೇ ಗುರಿ. ಈ ಊರಲ್ಲಿ ನೆಲದ ಬೆಲೆ ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. ಹುಸೇನ್ ಸಾಗರ ಕೆರೆ ಕಟ್ಟಿಸಿದ ಹುಸೇನ್ ಶಾ ವಲಿಯ ದರ್ಗಾ ಇಲ್ಲೇ ಇದೆ. ಆ ದರ್ಗಾದ ಹೆಸರಿನ 1,654 ಎಕರೆ ಯಾರದೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2022ರ ಫೆಬ್ರುವರಿಯಲ್ಲಿ ಸರ್ಕಾರದ ಪರ ತೀರ್ಪಾಯಿತು. ಅಷ್ಟರಲ್ಲಿ ಆ ನೆಲದ ಮೇಲೆ ಗಗನಚುಂಬಿ ಕಟ್ಟಡಗಳು ಎದ್ದುಬಿಟ್ಟಿದ್ದವು. ಚೆಂಡಿನ ಗಾಲ್ಫಿಗೆ ನೂರು ಎಕರೆಗೂ ಮಿಕ್ಕಿ ಬೇಕು. ನಮ್ಮ ಸುತ್ತ ಅದಕ್ಕೂ ಜಾಗ ಸಿಕ್ಕಿದೆ. ಗೋಲ್ಕೊಂಡದ ನಯಾ ಕಿಲಾ ಕೋಟೆಯೊಳಗೆ ಹುಲ್ಲಿನ ಅಂಗಳವಿದೆ, ಅಲ್ಲೇ ‘ಹಾಥಿಯಾನ್ ಕಾ ಝಾಡ್’ ಎಂಬ, ಸುತ್ತಳತೆ ಸುಮಾರು 27 ಮೀಟರಿನ ಬಾವೋಬಾಬ್ ಮರವೂ ಇದೆ. ಸವಣೂರಿನ ದೊಡ್ಡಹುಣಸೆ ಮಠದ ಇದೇ ಜಾತಿಯ ಮರಗಳನ್ನು ನೋಡುತ್ತ ಬೆಳೆದ ನನಗೆ ಅದರ ಬೊಡ್ಡೆ ಕಂಡಾಗ ಊರವರು ಸಿಕ್ಕಷ್ಟು ಸಂತೋಷವಾಯಿತು. ಆದರೆ ಮುಚ್ಚಳದ ಆಟಕ್ಕೆ ಅಂಥ ವೈಭವ ಬೇಡ, ಯಾರೂ ಬಯಸದ ಮರಗಳ ಮೂಲೆ ಸಾಕು.

ಈ ಮೂಲೆಯಲ್ಲಿ ಆಡುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಲೆಕ್ಕ. ಕೈ ಒಂದು ಡಿಗ್ರಿ ತಪ್ಪಿದರೆ ತಟ್ಟೆ ಹತ್ತು ಮೀಟರಿನಲ್ಲಿ ಹದಿನೇಳು ಸೆಂಟಿಮೀಟರ್ ಸರಿಯುತ್ತದೆ, ಅರವತ್ತು ಮೀಟರಿನಲ್ಲಿ ಒಂದು ಮೀಟರ್. ಎರಡು ಮೀಟರ್ ಅಗಲದ ಸಂದಿ ಹತ್ತು ಮೀಟರಿನಲ್ಲಿದ್ದರೆ ಎರಡೂ ಕಡೆ ಐದು ಡಿಗ್ರಿಗೂ ಹೆಚ್ಚು ತಪ್ಪಬಹುದು. ಅದೇ ಸಂದಿ ನಲವತ್ತು ಮೀಟರಿನಲ್ಲಿದ್ದರೆ ಒಂದೂವರೆ ಡಿಗ್ರಿಯೂ ಸಿಗದು. ಹಾಗಾಗಿ ಕಣ್ಣು ಮೊದಲು ಹತ್ತಿರದ ಸಂದಿಯ ಮೇಲಿರಬೇಕು. ದೂರದ ಗುರಿ ನೋಡಿ ಎಸೆದವನ ತಟ್ಟೆ ಕಾಲ ಬುಡದ ಮರಕ್ಕೇ ಬಡಿಯುತ್ತದೆ, ಬಲವೆಲ್ಲ ಅಲ್ಲೇ ಮುಗಿಯುತ್ತದೆ. ಎರಡನೆಯ ಸಂದಿ ಸಣ್ಣದಿದ್ದರೆ ಅದರ ಮುಂದೆಯೇ ತಟ್ಟೆ ಇಳಿಸಿ, ಇನ್ನೊಂದು ಎಸೆತದಲ್ಲಿ ದಾಟಬೇಕು. ಬಲಗೈಯವನು ಹಿಂಗೈಯಿಂದ ಎಸೆದದ್ದು ವೇಗ ಇಳಿಯುತ್ತಲೇ ಎಡಕ್ಕೆ ವಾಲುತ್ತದೆ, ಮುಂಗೈಯಿಂದ ಎಸೆದದ್ದು ಬಲಕ್ಕೆ. ದಾರಿ ಯಾವ ಕಡೆ ಬಾಗಿದೆಯೋ ಆ ಕೈ. ಪೊದೆಯಲ್ಲಿ ಸಿಕ್ಕಿಬಿದ್ದರೆ ಕಿಂಡಿಯಲ್ಲಿ ಹೊಡೆಯುವ ಆಸೆ ಬಿಟ್ಟು, ಪಕ್ಕಕ್ಕೋ ಹಿಂದಕ್ಕೋ ಎಸೆದು ದಾರಿಗೆ ಬರಬೇಕು. ಒಂದು ಎಸೆತ ಹೋಯಿತು, ಹೋಗಲಿ. ಮುಂದೆ ಹೋಗಲಿದ್ದ ಮೂರು ಉಳಿಯುತ್ತವೆ.

1983ರಲ್ಲಿ ಡೇವ್ ಡುನಿಪೇಸ್ ಅಂಚು ಚೂಪಾದ ತಟ್ಟೆ ತಂದಾಗ ಆಟ ಉದ್ದವಾಯಿತು. ತಟ್ಟೆ ಗಾಳಿಯನ್ನು ಸೀಳಿ ಮೊದಲಿಗಿಂತ ಬಹುದೂರ ಹಾರಿತು, ಬಯಲು ಅಂಗಳಗಳಲ್ಲಿ ತೋಳಿನ ಶಕ್ತಿಗೆ ಬೆಲೆ ಬಂತು. ಕಾಡಿನಲ್ಲಿ ಮಾತ್ರ ಹಳೆಯ ಬುದ್ಧಿಯೇ ನಡೆಯುತ್ತದೆ. ಮ್ಯಾಸಚೂಸೆಟ್ಸಿನ ಮೇಪಲ್ ಹಿಲ್ ಅಂಗಳ ಇರುವುದು ಕ್ರಿಸ್‌ಮಸ್ ಮರ ಬೆಳೆಯುವ ತೋಟದಲ್ಲಿ. ಜಗತ್ತಿನ ಅತಿ ಬಲದ ತೋಳುಗಳೂ ಅಲ್ಲಿ ನಿಧಾನದ ತಟ್ಟೆ ಕೈಗೆತ್ತಿಕೊಳ್ಳುತ್ತವೆ. ಫಿನ್ಲೆಂಡಿನ ಆಟಗಾರರು ಊರೂರ ಕಾಡಿನಲ್ಲಿ ಆಡಿಯೇ ಪಳಗಿದವರು. ನಿಧಾನದ ತಟ್ಟೆ, ನೇರ ಹಾರಾಟ, ಹತ್ತಿರದ ಸಂದಿ: ಬ್ಲಾಡ್‌ವರ್ತಿನ ಹುಡುಗರಿಗೂ ಇದು ಅರ್ಥವಾಗುತ್ತಿತ್ತು.

ನಿಯಮಗಳೂ ಮರದ ಸುತ್ತಲೇ ಬೆಳೆದಿವೆ. ತಟ್ಟೆ ನೆಲದಿಂದ ಎರಡು ಮೀಟರಿಗಿಂತ ಮೇಲೆ ಮರದಲ್ಲಿ ಸಿಕ್ಕಿಕೊಂಡರೆ ಹಿಂದೆ ದಂಡ ಬೀಳುತ್ತಿತ್ತು, ಈಗ ಆಯೋಜಕರು ಮೊದಲೇ ಸಾರಿದ್ದರಷ್ಟೇ. ನಿಲ್ಲುವಾಗ ಗಿಡಗಂಟಿ ಆದಷ್ಟು ಕಡಿಮೆ ಅಲುಗುವಂತೆ ನಿಲ್ಲಬೇಕು, ಎಸೆತಕ್ಕೆ ಅಡ್ಡವೆಂದು ಕೊಂಬೆ ಮುರಿಯುವಂತಿಲ್ಲ. ಈ ಕೊನೆಯ ನಿಯಮಕ್ಕೆ ನಾನು ಕೈಮುಗಿಯುತ್ತೇನೆ. ನಮ್ಮ ಮೂರನೆಯ ಗುರಿಯ ದಾರಿಗೆ ಸೀತಾಫಲದ ಗಿಡವೊಂದು ಅಡ್ಡ ಬೆಳೆದಾಗ ದೊಡ್ಡ ಹುಡುಗರು ಕುಡುಗೋಲು ತಂದರು. ಬೇಡವೆಂದೆ. ಎಸೆಯುವ ಜಾಗವನ್ನೇ ಐದು ಹೆಜ್ಜೆ ಎಡಕ್ಕೆ ಸರಿಸಿದೆವು. ಈಗ ಅಲ್ಲಿ ದಾರಿ ಬಲಕ್ಕೆ ಬಾಗುತ್ತದೆ, ಬಲಗೈಯವರೆಲ್ಲ ಮುಂಗೈ ಎಸೆತ ಕಲಿಯುತ್ತಿದ್ದಾರೆ.